ಹೊನವಾಡಕ್ಕೆ ಹೋದ ರಿಮೋಟು

ಕೇಬಲ್ ತೆಗೆಸಿ ಇಂಟರ್ನೆಟ್ ಟಿವಿ ತರುವ ಮೊದಲು ನಾನು ಚಿಂತೆ ಮಾಡದೆ ಬಿಟ್ಟ ಸಂಗತಿ ಯಾವುದೂ ಇರಲಿಲ್ಲ. ಮಳೆ ಬಂದರೆ ಇಂಟರ್ನೆಟ್ ನಿಂತೀತೇ? ಟಿವಿ ನಮ್ಮ ಮಾತು ಕದ್ದು ಕೇಳೀತೇ? ವಿಜಯಪುರದ ಗಾಂಧಿ ಚೌಕದ ಟಿವಿ ಅಂಗಡಿಯವನು "ಏನೂ ಆಗಂಗಿಲ್ರೀ ಅಕ್ಕಾರ, ಬಿಂದಾಸ್ ಒಯ್ರಿ" ಅಂದಾಗ, ಬಸ್ಸು ತಿಕೋಟಾ ಮುಟ್ಟುವತನಕ ಅವನ ನಗುವಿನ ಮೇಲೂ ಚಿಂತೆ ಮಾಡಿದೆ. ಹೊಡೆತ ಬಿದ್ದದ್ದು ಮಾತ್ರ ನಾನು ಕಾವಲು ಹಾಕದ ಕಡೆಯಿಂದ.

ನಮ್ಮ ಅತ್ತೆಗೂ ಪಕ್ಕದ ಮನೆಯ ಚಾಚಿಗೂ ಒಂದು ಕರಾರು ಇತ್ತು. ನನ್ನ ಮದುವೆಗಿಂತ ಹಳೆಯದು. ಸಂಜೆ ಏಳಕ್ಕೆ ಚಾಚಿ ಚುರಮರಿ ಬುಟ್ಟಿ ಹಿಡಿದು ಬರಬೇಕು, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಧಾರಾವಾಹಿ ನೋಡಬೇಕು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರೂ ನೋಡುವ ಹಾಗಿಲ್ಲ. ಎಷ್ಟೋ ಧಾರಾವಾಹಿ ಮುಗಿದವು, ಕರಾರು ಮುಗಿಯಲಿಲ್ಲ.

ಹೊಸ ಟಿವಿ ಬಂದ ವಾರ. ತೆರೆಯ ಮೇಲೆ ಒಬ್ಬಳು ಗಂಡನ ಫೋಟೋಕ್ಕೆ ಹಾರ ಹಾಕುತ್ತಿದ್ದಳು. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಚುರಮರಿಯೊಳಗಿನ ಶೇಂಗಾ ಆರಿಸುತ್ತ ಆರಾಮಾಗಿ ಅಂದರು:

"ಅಳಬ್ಯಾಡ ಬೇ. ಅಂವ ಸತ್ತಿಲ್ಲ. ನಾಳಿ ಬಾಗಲಕ್ಕ ಬಂದು ನಿಂದರ್ತಾನ."

"ನಿನಗ ಯಾರು ಹೇಳಿದ್ರು?"

"ಯಾರು ಹೇಳಬೇಕು? ಅನಸ್ತು."

ನನಗೆ ಹೊಸ ಚಿಂತೆ ಹತ್ತಿತು. ಅತ್ತೆಗೆ ಭ್ರಮೆ ಶುರುವಾಯಿತೇ? ಮರುದಿನ ಸಾಲಿಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುತ್ತಲೇ ವಿಜಯಪುರದ ಡಾಕ್ಟರುಗಳನ್ನೆಲ್ಲ ಮನಸ್ಸಿನಲ್ಲಿ ಸುತ್ತಿ ಬಂದೆ.

ಸಂಜೆ ಏಳಕ್ಕೆ ಧಾರಾವಾಹಿಯ ಬಾಗಿಲು ತೆರೆಯಿತು. ಗಂಡ ನಿಂತಿದ್ದ, ಗಡ್ಡ ಬಿಟ್ಟುಕೊಂಡು!

ನಾನು ಚೀರಿಯೇ ಬಿಟ್ಟೆ. ಚಾಚಿ ಟಿವಿ ಕಡೆ ನೋಡಲಿಲ್ಲ, ಅತ್ತೆಯ ಮುಖ ನೋಡಿದರು.

"ವೈನಿ, ನನ್ನ ಬಿಟ್ಟು ನೋಡೀದಿ."

ಅತ್ತೆ ತಲೆ ತಗ್ಗಿಸಿದರು. ಆಗ ಹೊರಬಿತ್ತು: ಈ ಹೊಸ ಏರ್ಪಾಡಿನಲ್ಲಿ ನಾಳೆಯ ಭಾಗ ಇವತ್ತೇ ಬಂದು ಕೂತಿರುತ್ತದಂತೆ. ನಾನು ಸಾಲಿಗೆ ಹೋದ ಮೇಲೆ ಅತ್ತೆ ಗುಂಡಿ ಒತ್ತುತ್ತ ಒತ್ತುತ್ತ ಅದನ್ನು ಪತ್ತೆ ಹಚ್ಚಿದ್ದರು. ಫೋನಿನ ಸ್ಪೀಕರ್ ಹಚ್ಚಲು ನನ್ನನ್ನು ಕರೆಯುವ ಹೆಂಗಸು! ಟಿವಿ ತಂದ ನನಗೇ ಅದು ಗೊತ್ತಿರಲಿಲ್ಲ.

"ಅಂವ ಬದುಕಿ ಬಂದ. ನಿನ್ನ ಪಾಲಿಗೆ ನಾ ಸತ್ತೆ," ಎಂದು ಚಾಚಿ ಎದ್ದು ನಡೆದರು. ಬುಟ್ಟಿ ಅಲ್ಲೇ ಉಳಿಯಿತು.

ಮುಂದೆ ಏಳು ಹೊಡೆದರೂ ಯಾರೂ ಬರಲಿಲ್ಲ. ಅತ್ತೆ ಚಾಪೆ ಹಾಸಿ, ಟಿವಿ ಹಚ್ಚದೆ, ಕರಿ ತೆರೆಯನ್ನೇ ನೋಡುತ್ತ ಕೂರುವರು. ನನಗೆ ದಿಗಿಲು ಹತ್ತಿತು. "ಕೇಬಲ್ ತಿರುಗಿ ಹಾಕಿಸೂಣೇನ್ರಿ?" ಅಂದೆ.

"ವೈರ್ ಹಚ್ಚಿದ್ರ ಆಕಿ ಬರ್ತಾಳೇನು, ಹುಚ್ಚಿ?"

ಒಂದು ಸಂಜೆ ಅತ್ತೆ ಆ ಬುಟ್ಟಿ ತೊಳೆದು ಒರೆಸಿದರು. ಬೇರೆಯವರ ಬುಟ್ಟಿ ಖಾಲಿ ತಿರುಗಿಸಬಾರದು, ಅದು ನಮ್ಮಲ್ಲಿ ಪದ್ಧತಿ. ಒಂದು ಬೊಗಸೆ ಒಣದ್ರಾಕ್ಷಿ ಹಾಕಿದರು. ಮೇಲೆ ರಿಮೋಟು ಇಟ್ಟರು! ನಾನು ಬಾಯಿ ತೆರೆಯುವುದರೊಳಗೆ ಬುಟ್ಟಿ ಕಾಂಪೌಂಡು ದಾಟಿ ಚಾಚಿಯ ಬಾಗಿಲು ಮುಟ್ಟಿತ್ತು. ನಾನೂ ಹಿಂದೆ ಓಡಿದೆ.

"ಇದು ನಿನ್ನ ಕಡೇನ ಇರ್ಲಿ ಬೇ. ನೀ ತಂದಾಗ ಅಷ್ಟ ನೋಡೂದು."

ಚಾಚಿ ರಿಮೋಟು ತಿರುವಿ ತಿರುವಿ ನೋಡಿದರು. "ನಿನ್ನ ಸೊಸಿ ಕಡೆ ಇನ್ನೊಂದು ಇದ್ರ?"

"ಆಕಿ ಕಡೆ ಚಿಂತಿ ಅಷ್ಟ ಅದಾವ."

ಚಾಚಿ ನಕ್ಕರು. ನಾನೂ ನಗಬೇಕಾಯಿತು.

ಈಗ ಟಿವಿ ನಮ್ಮದು, ರಿಮೋಟು ಚಾಚಿಯದು. ಇವತ್ತು ಸಾಲಿಯಿಂದ ಬಂದು ನೋಡುತ್ತೇನೆ, ಚಾಚಿಯ ಮನೆಗೆ ಕೀಲಿ! ಹೊನವಾಡಕ್ಕೆ, ಮಗಳ ಮನೆಗೆ ಹೋಗಿದ್ದಾರೆ. ಗಾಬರಿಯಿಂದ ಫೋನು ಹಚ್ಚಿದೆ.

"ಹೆದರಬ್ಯಾಡ ತಂಗಿ, ರಿಮೋಟು ನನ್ನ ಚೀಲದಾಗ ಭದ್ರ ಐತಿ."

"ಅಲ್ರೀ ಚಾಚಿ, ಮಗಳ ಮನ್ಯಾಗೂ ಟಿವಿ ಐತಲ್ಲ. ಇವತ್ತಿಂದು ಅಲ್ಲೇ ನೋಡ್ರಿ."

"ನಿಮ್ಮತ್ತಿ ನೋಡಾಕತ್ತಾಳೇನು?"

ತಿರುಗಿ ನೋಡಿದೆ. ಅತ್ತೆ ಚಾಪೆಯ ಅರ್ಧ ಖಾಲಿ ಬಿಟ್ಟು, ಕರಿ ತೆರೆಗೆ ಬೆನ್ನು ಹಾಕಿ ಜೋಳ ಹಸನು ಮಾಡುತ್ತಿದ್ದರು.

"ಇಲ್ರಿ."

"ಮತ್ತ ನಾ ಹೆಂಗ ನೋಡ್ಲಿ?"