ಹೆಬ್ಬೂರು ದಾರಿಯ ಏದುಸಿರು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡಿತು ಎಂದರೆ ಮೊದಲು ಅವರ ಬಿ.ಪಿ. ನೋಡಬೇಕು ಅನ್ನಿಸುತ್ತಿತ್ತು. ವೃತ್ತಿಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಮೈಯಲ್ಲಿ ಆಗುವುದಕ್ಕೆಲ್ಲ ಮೈಯಲ್ಲೇ ಕಾರಣ ಇರುತ್ತದೆ ಎಂದು ಕಲಿತವಳು, ಈಗಲೂ ಹಾಗೇ ಅಂದುಕೊಂಡಿರುವವಳು. ಅದಕ್ಕೇ ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ತಡೆದೆ. ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರೊಬ್ಬರು ಒಂದು ಸಂಶೋಧನೆ ಶುರುಮಾಡಿದರು. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಒಬ್ಬನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ ಸಾಕಷ್ಟಿದೆ ಎಂದು ತೋರಿಸುತ್ತದೆ, ಆದರೆ ಅವನು ಉಸಿರು ಸಿಗುತ್ತಿಲ್ಲ ಎಂದು ಒದ್ದಾಡುತ್ತಾನೆ. ಇನ್ನೊಬ್ಬನಿಗೆ ಆಕ್ಸಿಜನ್ ಕುಸಿದಿರುತ್ತದೆ, ಅವನು ಜಗಲಿ ಮೇಲೆ ಕೂತು ಆರಾಮಾಗಿ ಎಲೆ ಅಡಿಕೆ ಹಾಕುತ್ತಿರುತ್ತಾನೆ. ಹಾಗಾದರೆ ಉಸಿರು ಸಾಲದು ಎನ್ನುವ ಆ ಸಂಕಟ ಹುಟ್ಟುವುದೆಲ್ಲಿ? ಶ್ವಾಸಕೋಶದಲ್ಲೋ, ಎದೆಯ ಸ್ನಾಯುವಿನಲ್ಲೋ, ಮಿದುಳಿನಲ್ಲೋ? ಮೇಡಂಗೆ ತಿಳಿಯಬೇಕಾಗಿದ್ದುದು ಇಷ್ಟು.

ರೋಗಿಗಳ ಮನೆಗೇ ಹೋಗಿ, ಅವರಿಗೆ ಏನನ್ನಿಸುತ್ತದೆ ಎಂದು ಅವರ ಬಾಯಿಂದಲೇ ಕೇಳುವುದು ನನ್ನ ಪಾಲಿನ ಕೆಲಸ. ಎದೆ ಬಿಗಿದಂತೆಯೋ, ಗಾಳಿ ಸಾಲದಂತೆಯೋ, ಉಸಿರೆಳೆಯುವುದೇ ಒಂದು ಕೂಲಿಯಂತೆಯೋ ಎಂದು ಒಂದೊಂದಾಗಿ ಓದಿ ಹೇಳಬೇಕು. ಹೋಲಿಸಿ ನೋಡುವುದಕ್ಕೆ ಆರೋಗ್ಯವಂತರೂ ಬೇಕಿತ್ತು. ಉಸಿರು ಸಾಲದಂತೆ ಅವರಿಗೂ ಆಗಲೆಂದು ಮೂಗಿಗೆ ಕ್ಲಿಪ್ಪು ಹಾಕಿ, ಸಣ್ಣ ಕೊಳವೆಯಲ್ಲಿ ಬಾಯಿಂದ ಉಸಿರಾಡಿಸುತ್ತಿದ್ದರು. ಜನ ಸಿಗದಾಗ ನಾನೂ ಆ ಕುರ್ಚಿಯಲ್ಲಿ ಕೂತಿದ್ದೇನೆ. ಕಷ್ಟವೇ. ಆದರೆ ಕೈಯೆತ್ತಿದರೆ ಕೊಳವೆ ತೆಗೆಯುತ್ತಾರೆ ಎಂಬ ಧೈರ್ಯ ಇರುತ್ತದೆ.

ಗುಬ್ಬಿ, ಕುಣಿಗಲ್, ಊರ್ಡಿಗೆರೆ ಕಡೆಯ ಹಳ್ಳಿಗಳನ್ನು ಸುತ್ತುತ್ತ ಒಂದು ವರ್ಷ ದಾಟುವಷ್ಟರಲ್ಲಿ ನಾನು ದಣಿದುಹೋಗಿದ್ದೆ. ಬೆಳಿಗ್ಗೆ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಮಕ್ಕಳಿಗೆ ಡಬ್ಬಿ ಕಟ್ಟಿ, ಬಸ್ಸು ಹತ್ತಿ, ಆಟೋ ಹಿಡಿದು, ಯಾರದೋ ನಡುಮನೆಯಲ್ಲಿ ಕೂತು ಅದೇ ಪ್ರಶ್ನೆ ಕೇಳುವುದು. ಸೌದೆ ಒಲೆ ಊದಿ ಊದಿ ಎದೆ ಕೆಟ್ಟ ಹೆಂಗಸರು, ಬೀಡಿ ಬಿಡಲಾರದ ಗಂಡಸರು. ಮೊದಮೊದಲು ಅವರ ಏದುಸಿರು ಕೇಳಿದರೆ ಪ್ರಶ್ನೆ ನಿಲ್ಲಿಸಿ, ಅವರು ಸುಧಾರಿಸಿಕೊಳ್ಳುವವರೆಗೆ ಕಾಯುತ್ತಿದ್ದೆ. ಆಮೇಲಾಮೇಲೆ ಅದು ಫ್ಯಾನಿನ ಸದ್ದಿನಂತಾಯಿತು, ಕೇಳಿಸಿದರೂ ಕೇಳಿಸದಂತೆ. ರಾತ್ರಿ ಮಲಗಿದರೆ ಏನೂ ಅನ್ನಿಸದೆ ನಿದ್ದೆ ಬರುತ್ತಿತ್ತು.

ಸಿದ್ದಗಂಗಮ್ಮನವರ ಮನೆಗೆ ಹೋಗಿದ್ದು ಅಂಥ ದಿನಗಳಲ್ಲೇ. ಹುತ್ರಿದುರ್ಗದ ಬೆಟ್ಟ ಎದುರಿಗೇ ಕಾಣುವ ಒಂದು ಸಣ್ಣ ಹಳ್ಳಿ. ಅವರ ವಯಸ್ಸು ಅರವತ್ತು ದಾಟಿತ್ತು. ಗಂಡ ಇದ್ದಾಗ ಗುಬ್ಬಿ ಕಡೆ ತೆಂಗಿನ ನಾರಿನ ಮಿಲ್ಲಿನಲ್ಲಿ ಬಹಳ ವರ್ಷ ದುಡಿದು, ಆ ಧೂಳನ್ನೆಲ್ಲ ಕುಡಿದು, ಈಗ ಮಗನ ಮನೆಗೆ ಬಂದಿದ್ದರು. ಮಗ ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದ. ಸೊಸೆ ಲತಾ ನನ್ನನ್ನು ಕೂರಿಸಿ, ಅತ್ತೆ ಬಚ್ಚಲಿಗೆ ಹೋಗಿ ಬರುವುದರೊಳಗೆ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಾರೆ, ಮಲಗಲಾಗದೆ ಗೋಡೆಗೆ ಒರಗಿಯೇ ರಾತ್ರಿ ಕಳೆಯುತ್ತಾರೆ ಎಂದೆಲ್ಲ ಹೇಳಿದಳು. ಅತ್ತೆಯ ಬಗ್ಗೆ ಅವಳಿಗೆ ನಿಜವಾದ ಮರುಕವಿತ್ತು. ಅವರನ್ನು ನೋಡಿಕೊಂಡು ಅವಳೂ ಸೊರಗಿದ್ದಳು.

ನಾನು ಓದಿ ಹೇಳಿದ ಯಾವ ಮಾತನ್ನೂ ಸಿದ್ದಗಂಗಮ್ಮ ಒಪ್ಪಲಿಲ್ಲ. ಒಂದೊಂದಕ್ಕೂ ತಲೆ ಅಡ್ಡ ಆಡಿಸಿದರು. ಕೊನೆಗೆ, ಮಾತಿನ ನಡುನಡುವೆ ಉಸಿರಿಗೆ ನಿಲ್ಲುತ್ತ, ಅವರೇ ಹೇಳಿದರು:

"ಬಾವಿಗೆ ಬಿಂದಿಗೆ ಬುಡ್ತೀನಿ ಅಮ್ಮಣ್ಣಿ. ಹಗ್ಗ ಹೋಯ್ತಾನೇ ಐತೆ, ಹೋಯ್ತಾನೇ ಐತೆ. ನೀರು ಮುಟ್ಟಾಕಿಲ್ಲ."

ಅದು ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಅದು ಅವರಿಗೂ ತಿಳಿಯಿತು. ನನ್ನ ಬಲಗೈ ಹಿಡಿದು, ತಮ್ಮ ಎದೆಯ ನಡುವೆ ಒತ್ತಿಟ್ಟುಕೊಂಡು ಕೂತರು. ಸೀರೆಯ ಕೆಳಗೆ ಎಲುಬು ಏರಿಳಿಯುತ್ತಿತ್ತು. ಮುಂದಿನ ಮನೆಗೆ ಹೊತ್ತಾಗುತ್ತದೆ ಎಂದು ಯೋಚಿಸುತ್ತ ನಾನೂ ಕೂತೆ. ವಿಶೇಷವೇನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಬಿಡಿಸಿಕೊಂಡು, ಲತಾ ಕೊಟ್ಟ ಕಾಫಿ ಕುಡಿದು ಹೊರಟೆ. ಮಾತ್ರೆಯಾಗಲಿ ಇನ್‌ಹೇಲರ್ ಆಗಲಿ ಕೊಡುವ ಅಧಿಕಾರ ನನಗಿರಲಿಲ್ಲ, ಕೊಡಲೂ ಇಲ್ಲ. ಮುಂದಿನ ಮನೆಯವರು ಊರಲ್ಲಿರಲಿಲ್ಲವಾದ್ದರಿಂದ ಕುಣಿಗಲ್ಲಿಗೆ ಬಂದು ತುಮಕೂರಿನ ಬಸ್ಸು ಹತ್ತಿದೆ.

ಹೆಬ್ಬೂರು ಇನ್ನೂ ಸ್ವಲ್ಪ ದೂರ ಇರುವಾಗ ಶುರುವಾಯಿತು.

ಮೊದಲು ಸೆಕೆ ಎಂದುಕೊಂಡು ಕಿಟಕಿ ಸರಿಸಿದೆ. ಗಾಳಿ ಮುಖಕ್ಕೆ ಬಡಿಯಿತು, ಒಳಗೆ ಹೋಗಲಿಲ್ಲ. ಇನ್ನೂ ಜೋರಾಗಿ ಎಳೆದೆ. ಉಸಿರು ಇಳಿಯಿತು, ಇಳಿಯುತ್ತಲೇ ಹೋಯಿತು, ಎಲ್ಲಿಯೂ ಮುಟ್ಟಲಿಲ್ಲ. ಸಾಕಾಯಿತು ಎಂದು ಮೈಗೆ ಅನ್ನಿಸುವ ಒಂದು ಜಾಗ ಇರುತ್ತದಲ್ಲ, ನಾವು ಯಾರೂ ಗಮನಿಸದೆ ದಿನವಿಡೀ ಮುಟ್ಟಿ ಬರುವ ಜಾಗ, ಅದೇ ಇರಲಿಲ್ಲ. ಆಸ್ಪತ್ರೆಯ ಕೊಳವೆಯಲ್ಲಿ ನನಗಾಗಿದ್ದು ಇದಲ್ಲ. ಅಲ್ಲಿ ಎಳೆಯುವುದು ಕಷ್ಟ. ಇಲ್ಲಿ ಎಳೆಯುವುದಕ್ಕೆ ತಡೆಯೇ ಇಲ್ಲ, ಎಳೆದದ್ದು ದಕ್ಕುತ್ತಿಲ್ಲ. ಆ ಹೆಂಗಸು ಹೇಳಿದ್ದು ಏನೆಂದು ನನಗೆ ಆಗ ತಿಳಿಯಿತು.

ಬ್ಯಾಗಿನಿಂದ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡೆ. ಆಕ್ಸಿಜನ್ ಪೂರ್ತಿ ಸರಿಯಾಗಿತ್ತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ ಗಾಬರಿಯಾಗಿ ಕಂಡಕ್ಟರನ್ನು ಕೂಗಿದಳು. ಹೆಬ್ಬೂರಿನಲ್ಲಿ ಇಳಿಸಿ, ಒಂದು ಕ್ಲಿನಿಕ್ಕಿಗೆ ಅವಳೇ ನಡೆಸಿಕೊಂಡು ಹೋದಳು. ಅಲ್ಲಿನ ಡಾಕ್ಟರು ಇ.ಸಿ.ಜಿ. ಮಾಡಿದರು, ಎದೆಗೆ ಸ್ಟೆತೋಸ್ಕೋಪ್ ಇಟ್ಟು ಕೇಳಿದರು, ಎಲ್ಲ ಸರಿಯಿದೆ ಎಂದರು. ಗ್ಯಾಸ್ಟ್ರಿಕ್ ಇರಬೇಕು, ಇಲ್ಲವೇ ಟೆನ್ಷನ್ ಎಂದು ಒಂದು ಮಾತ್ರೆ ಕೊಟ್ಟರು. ನನ್ನ ಗಂಡನಿಗೆ ಫೋನ್ ಮಾಡಿ, ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತೆ. ಮಲಗಿ ಎಂದರೆ ಮಲಗಲು ಭಯ. ಸಾಯುತ್ತೇನೆ ಅನ್ನಿಸಲಿಲ್ಲ. ಹೀಗೇ ಬದುಕಿರಬೇಕಾಗುತ್ತದೆ ಅನ್ನಿಸಿತು. ಅದು ಸಾವಿಗಿಂತ ಸುಸ್ತಿನ ಯೋಚನೆ.

ಗಂಡ ಬೈಕಿನಲ್ಲಿ ಬಂದು ಪಕ್ಕದಲ್ಲಿ ಕೂತರು. ಏನೂ ಮಾಡಲು ತೋಚದೆ ಬೆನ್ನು ಸವರುತ್ತಿದ್ದರು. ಅಂಗಡಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ, ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವೆ, ಅದು ಬಿಟ್ಟುಹೋಯಿತು. ಗಾಳಿ ಒಳಗೆ ಹೋಗಿ ಮುಟ್ಟಬೇಕಾದಲ್ಲಿ ಮುಟ್ಟಿತು. ಅಳು ಬಂತು, ಅತ್ತುಬಿಟ್ಟೆ.

ಮಾರನೆಯ ದಿನ ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ಸಮಾಧಾನವಾಗಿ ಕೂರಿಸಿ ವಿವರಿಸಿದರು. ಈ ಸಂಕಟಕ್ಕೆ ಶ್ವಾಸಕೋಶ ಕೆಡಲೇಬೇಕೆಂದಿಲ್ಲ, ಮಿದುಳು ಒಂದೇ ಅದನ್ನು ಹುಟ್ಟಿಸಬಲ್ಲದು. ತಿಂಗಳುಗಟ್ಟಲೆ ಇದನ್ನೇ ಕೇಳಿದ್ದೀಯ, ದಣಿದಿದ್ದೀಯ, ಆ ಹೆಂಗಸು ಕೈ ಹಿಡಿದು ಕೂತದ್ದು ಮನಸ್ಸಿಗೆ ನಾಟಿದೆ ಎಂದರು. ನಾವು ಹುಡುಕುತ್ತಿರುವುದೂ ಇದನ್ನೇ ಅಲ್ಲವೇ ಎಂದು ಒಂದು ವಾರ ರಜೆ ಕೊಟ್ಟರು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಈಗಲೂ ಒಪ್ಪಿಗೆಯೇ. ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ರಜೆಯಲ್ಲಿ ಇರುವಾಗ ಲತಾ ಫೋನ್ ಮಾಡಿದಳು.

"ಮೇಡಮ್, ಅವತ್ತು ನಮ್ಮತ್ತೆಗೆ ಏನ್ ಮಾತ್ರೆ ಕೊಟ್ಟಿದ್ರಿ?"

ನಾನು ಏನೂ ಕೊಟ್ಟಿಲ್ಲ ಎಂದೆ. ಅವಳು ನಂಬಲಿಲ್ಲ. ನೀವು ಹೊರಟು ಒಂದೂವರೆ ಗಂಟೆ ಆಗಿತ್ತೇನೋ, ಅತ್ತೆ ಎದ್ದರು, ತಾವೇ ತಲೆ ಬಾಚಿಕೊಂಡರು, ಊರಾಚೆ ಇರುವ ತಂಗಿಯ ಮನೆಗೆ ಏರು ದಾರಿಯಲ್ಲಿ ಎಲ್ಲೂ ಕೂರದೆ ನಡೆದುಹೋದರು, ನಾನು ಹಿಂದೆ ಓಡಬೇಕಾಯಿತು ಎಂದಳು. ಅಕ್ಕ ತಂಗಿ ಕೂತು ಸಂಜೆಯವರೆಗೂ ಮಾತಾಡಿದರಂತೆ. ಸೋಬಾನೆ ಪದ ಹೇಳಿದರಂತೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಎದೆ ಹಿಡಿದುಕೊಂಡು ಕೂತವರನ್ನು ಮಗ ಬೈಕಿನಲ್ಲಿ ಕರೆತಂದನಂತೆ.

"ಒಂದೇ ಒಂದ್ಸಲ ಬಂದೋಗಿ ಮೇಡಮ್. ಇನ್ನೊಂದಿನ ಹಂಗಿರ್ಲಿ," ಎಂದಳು.

ಗಂಡ ಬೇಡವೆಂದರು. ಮೇಡಂ, ಒಳ್ಳೆಯ ದಿನಗಳು ಇಂಥ ರೋಗಿಗಳಿಗೂ ಬರುತ್ತವೆ, ಎರಡೂ ಒಂದೇ ದಿನ ಬಂದದ್ದು ಕಾಕತಾಳೀಯ ಎಂದರು. ನಾನು ಹೋದೆ. ಏಕೆ ಹೋದೆ ಎಂದರೆ ಸರಿಯಾಗಿ ಹೇಳಲಾರೆ. ಹೆದರಿಕೆ ಬಹಳವಿತ್ತು. ಅದು ಹೇಗಿರುತ್ತದೆ ಎಂದು ಗೊತ್ತಾದ ಮೇಲೆ ಹೋಗದೆ ಇರುವುದೂ ಆಗಲಿಲ್ಲ. ಹೆಬ್ಬೂರಿನಲ್ಲಿ ಆದದ್ದನ್ನು ಆ ಮನೆಯವರಿಗೆ ನಾನು ಹೇಳಿರಲಿಲ್ಲ. ಆ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಲತಾ ಒಳಗೆ ಕಾಫಿಗಿಟ್ಟಳು. ನಾನು ಸಿದ್ದಗಂಗಮ್ಮನವರ ಪಕ್ಕ ಕೂತು, ಈ ಸಲ ನಾನಾಗಿಯೇ ಕೈ ಅವರ ಎದೆಯ ಮೇಲಿಟ್ಟೆ. ಬಹಳ ಹೊತ್ತು ಕೂತೆವು. ಏನೂ ಆಗಲಿಲ್ಲ. ಅವರ ಉಸಿರು ಹಾಗೇ ಒದ್ದಾಡುತ್ತಿತ್ತು, ನನ್ನದು ನೆಟ್ಟಗಿತ್ತು. ಆಮೇಲೆ ಅವರು ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಮಡಿಲಿನಲ್ಲಿಟ್ಟರು.

"ಬ್ಯಾಡ ಬುಡು ಅಮ್ಮಣ್ಣಿ. ಒಂದ್ ಮಧ್ಯಾನ ನೀನು ಹೊತ್ತಿದ್ದೇ ಸಾಕು."

"ಏನು ಹೊತ್ತೆ ಅಮ್ಮ ನಾನು?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಹೇಳಲು ಬಾಯಿ ತೆರೆದರು, ಗಾಳಿಗೆ ತಡಕಾಡಿದರು, ಕಣ್ಣು ಮೇಲಕ್ಕೆ ಹೋಯಿತು. ಲತಾ ಓಡಿಬಂದು ಬೆನ್ನು ಹಿಡಿದಳು. ಬೇಡ ಅಮ್ಮ, ಮಾತಾಡಬೇಡಿ ಎಂದೆ.

ಆಮೇಲೂ ಎರಡು ಮೂರು ಸಲ ಆ ಕಡೆ ಹೋದಾಗ ಅವರನ್ನು ನೋಡಿ ಬಂದೆ. ನನ್ನನ್ನು ಕಂಡರೆ ನಗುತ್ತಿದ್ದರು. ರಾಗಿ ಕಟಾವಿನ ಹೊತ್ತಿಗೆ ತೀರಿಕೊಂಡರು ಎಂದು ಲತಾ ಫೋನ್ ಮಾಡಿದಳು. ನನ್ನ ಪಾಲಿಗೆ ಆದದ್ದನ್ನು ಮೇಡಂ ವಿವರಿಸಿದ್ದಾರೆ. ಆ ಮಧ್ಯಾಹ್ನ ಆ ಹೆಂಗಸು ಏರು ಹತ್ತಿ ಹೋಗಿ ಹಾಡಿದ್ದನ್ನು, ಆಮೇಲೆ ನನಗೆ ಹೇಳಿದ ಆ ಮಾತನ್ನು ಯಾರೂ ವಿವರಿಸಿಲ್ಲ. ನನ್ನಿಂದಲೂ ಆಗಿಲ್ಲ. ಅವರು ಬದುಕಿದ್ದಾಗಲೇ ಕೇಳಬಹುದಿತ್ತು. ಪ್ರತಿಸಲವೂ ಕೇಳಬೇಕೆಂದೇ ಹೋಗುತ್ತಿದ್ದೆ. ಆದರೆ ಅವರು ಒಂದು ಮಾತಿಗೆ ಎಷ್ಟು ತೆರಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೊಂದು ಉತ್ತರ ಸಿಗಲೆಂದು ಅವರ ಉಸಿರು ಖರ್ಚು ಮಾಡಿಸಲು ಮನಸ್ಸು ಬರಲಿಲ್ಲ.