ವಿಮಲಕ್ಕನಿಗೆ ಬಂದ ಮೂರು ಫೋನು

ನಿಮ್ಮ ಮನೆಯಲ್ಲೂ ಪಕ್ಕದ ಮನೆಯವರಿಗೆ ಫೋನ್ ಬರುತ್ತಿತ್ತೇ—ಬೀದಿಗೆಲ್ಲ ಒಂದೇ ಫೋನ್ ಇದ್ದ ಕಾಲದಲ್ಲಿ? ಯಾರಿಗೋ ಬಂದ ಸುದ್ದಿಯನ್ನು ನೀವು ಹೇಳದೆ ನುಂಗಿಕೊಂಡಿದ್ದೀರಾ? ಮರೆತಲ್ಲ. ಬೇಕಂತಲೇ.

ನಾನು ನುಂಗಿದ್ದೇನೆ. ಒಂದು ಸಲ ಅಲ್ಲ, ಮೂರು ಸಲ. ಗಂಡನ ಕೈಯಲ್ಲಿ ಹೊಡೆತ ತಿನ್ನುತ್ತಿದ್ದ ಹೆಂಗಸೊಬ್ಬಳಿಗೆ, ಅವಳನ್ನು ಆ ಮನೆಯಿಂದ ಆಚೆ ಕರೆತರಲು ಸಿದ್ಧರಿದ್ದವರು ಮಾಡಿದ ಫೋನ್ ಅವು. ಅವಳು ಕೇಳಿದಾಗಲೆಲ್ಲ ಅವಳ ಮುಖ ನೋಡಿಕೊಂಡೇ "ಯಾವ ಫೋನೂ ಬಂದಿಲ್ಲ ಅಕ್ಕ" ಅಂದೆ.

ಎರಡು ತಿಂಗಳ ಹಿಂದೆ ಇದೇ ಪೇಜಿನಲ್ಲಿ ನಮ್ಮ ಮನೆಯ ಹಳೆಯ ಫೋನಿನ ಬಗ್ಗೆ ತಮಾಷೆಯಾಗಿ ಬರೆದಿದ್ದೆ, ನೆನಪಿರಬಹುದು. ನೀವೆಲ್ಲ ನಕ್ಕಿರಿ. ಈ ಭಾಗವನ್ನು ಬಿಟ್ಟು ಬರೆದಿದ್ದೆ. ಹೇಳಬೇಕಾದವಳಿಗೆ ಹೋದ ತಿಂಗಳು ಹೇಳಿ ಬಂದೆ. "ಬರಿ, ಹೆಸರು ಮಾತ್ರ ಬದಲಾಯಿಸು" ಅಂದಳು. ಬದಲಾಯಿಸಿದ್ದೇನೆ.

ಎಂಬತ್ತರ ದಶಕದ ನಡುಭಾಗ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆ. ವರ್ಷಗಟ್ಟಲೆ ಕಾದ ಮೇಲೆ ಅಪ್ಪನಿಗೆ ಫೋನ್ ಸಿಕ್ಕಿತ್ತು. ಸಿಕ್ಕಿದ್ದು ನಮಗೆ, ಆದರೆ ನಂಬರ್ ಇಡೀ ರಸ್ತೆಯದು. ಸ್ವಂತ ಫೋನ್ ಇಲ್ಲದವರು ಮದುವೆ ಕಾರ್ಡಿನಲ್ಲಿ, ಅರ್ಜಿಗಳಲ್ಲಿ ನಮ್ಮ ನಂಬರ್ ಬರೆದು ಮುಂದೆ 'ಪಿ.ಪಿ.' ಅಂತ ಹಾಕುತ್ತಿದ್ದರು. ಅಂದರೆ ಫೋನ್ ನಮ್ಮದಲ್ಲ, ಪಕ್ಕದವರದು, ದಯವಿಟ್ಟು ಕರೆದುಕೊಡಿ ಅಂತ. ಕರೆದುಕೊಡುವ ಕೆಲಸ ನನ್ನದು. ಅಪ್ಪನದು ಒಂದೇ ರೂಲು: ಯಾರಿಗೆ ಬಂದರೂ ಆ ಮನೆಯ ಯಜಮಾನರಿಗೆ ಹೇಳಬೇಕು. ಹೆಂಗಸರಿಗೆ ಬಂದದ್ದಾದರೂ ಅಷ್ಟೇ. ಆಗ ಫೋನ್ ಇದ್ದ ಮನೆಗಳಲ್ಲೆಲ್ಲ ಹಾಗೇ ನಡೆಯುತ್ತಿತ್ತು, ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ.

ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗೆ ಇದ್ದವಳು ವಿಮಲಕ್ಕ. ಇಪ್ಪತ್ತೆಂಟು ವರ್ಷ ಇದ್ದೀತು. ನಾಲ್ಕು ವರ್ಷದ ಮಗಳು ಪುಟ್ಟಿ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ನನ್ನ ಸ್ಕೂಲ್ ಲಂಗಕ್ಕೆ ಯಾರಿಗೂ ಕಾಣದ ಒಳಜೇಬು ಇಟ್ಟುಕೊಟ್ಟವಳು. "ಹೆಣ್ಮಕ್ಳಿಗೆ ಒಂದು ಜೇಬಾದ್ರೂ ಇರ್ಬೇಕು ಕಣೇ" ಅನ್ನುತ್ತಿದ್ದಳು.

ಅವಳ ಗಂಡ ನಾಗರಾಜ್ ಅಂಕಲ್ ಆಫೀಸೊಂದರಲ್ಲಿ ಗುಮಾಸ್ತ. ನಾನು ಹತ್ತನೇ ಕ್ಲಾಸು, ಲೆಕ್ಕದಲ್ಲಿ ದಡ್ಡಿ. ಅವನು ದಿನಾ ಸಾಯಂಕಾಲ ಬಂದು ನನಗೆ ಆಲ್ಜೀಬ್ರಾ ಹೇಳಿಕೊಡುತ್ತಿದ್ದ. ಕೆಲವು ದಿನ ಅವರ ಮನೆಯ ಬಾಗಿಲಿನ ಚಿಲಕ ಬೀಳುವ ಸದ್ದು ಕೇಳುತ್ತಿತ್ತು, ಆಮೇಲೆ ಬೇರೆ ಸದ್ದು. ಅಮ್ಮ ಎದ್ದು ಟಿ.ವಿ. ಜೋರು ಮಾಡುತ್ತಿದ್ದಳು. ಹತ್ತು ನಿಮಿಷಕ್ಕೆ ಅವನು ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿಕೊಂಡು ನಮ್ಮ ವರಾಂಡಕ್ಕೆ ಬರುತ್ತಿದ್ದ. "ಏನಮ್ಮಾ ಫಸ್ಟ್ ಕ್ಲಾಸು, ನಿನ್ನೆ ಕೊಟ್ಟಿದ್ದು ಮಾಡಿದ್ಯಾ?" ನಾನು ಪುಸ್ತಕ ತೆಗೆಯುತ್ತಿದ್ದೆ. ಅಷ್ಟೇ. ಪುಸ್ತಕ ತೆಗೆಯುತ್ತಿದ್ದೆ.

ಒಂದು ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಾ ವಿಮಲಕ್ಕ ನನ್ನನ್ನು ಹತ್ತಿರ ಕರೆದಳು.

"ಗಿರೀ, ನಂಗೊಂದು ಫೋನ್ ಬರತ್ತೆ. ಹೊಲಿಗೆ ಕ್ಲಾಸಿಂದ ಅಂತಾರೆ. ನಂಗೆ ಮಾತ್ರ ಹೇಳು. ಅಂಕಲ್‌ಗೂ ಬೇಡ, ನಿಮ್ಮಮ್ಮಂಗೂ ಬೇಡ."

"ಹೂಂ ಅಕ್ಕ."

"ದೇವ್ರಾಣೆ?"

"ದೇವ್ರಾಣೆ."

ನಾಲ್ಕು ದಿನಕ್ಕೆ ಫೋನ್ ಬಂತು. ನಿಧಾನವಾದ, ಗಟ್ಟಿಯಾದ ಹೆಣ್ಣುದನಿ. "ವಿಮಲ ಅವರಿಗೆ ಹೇಳಮ್ಮ. ಗುರುವಾರ ಹನ್ನೊಂದಕ್ಕೆ ಜಯನಗರದಲ್ಲಿ ಕ್ಲಾಸು. ಮದುವೆ ಫೋಟೋ, ಮಗು ಹುಟ್ಟಿದ ಸರ್ಟಿಫಿಕೇಟ್ ತರ್ಬೇಕು. ಬರ್ಕೊಂಡ್ಯಾ ಪುಟ್ಟಾ?"

ಹೊಲಿಗೆ ಕ್ಲಾಸಿಗೆ ಮದುವೆ ಫೋಟೋ ಯಾಕೆ? ಅಷ್ಟು ದಡ್ಡಿಯಲ್ಲ ನಾನು. ಏನೆಂದು ಪೂರ್ತಿ ಗೊತ್ತಾಗಲಿಲ್ಲ, ಆದರೆ ವಿಮಲಕ್ಕ ಹೊರಟುಹೋಗುವ ವಿಷಯ ಅನ್ನುವುದು ಗೊತ್ತಾಯಿತು. ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದುಕೊಂಡು ಹಿಂದಿನ ಮನೆಗೆ ಹೋದೆ. ಬಾಗಿಲಲ್ಲಿ ಅವನು ಕೂತು ಶೂ ಬಿಚ್ಚುತ್ತಿದ್ದ. ನನ್ನ ಮುಷ್ಟಿ ನೋಡಿದ.

"ನಮ್ಮನೆ ಫೋನಾ?"

ಇಲ್ಲ ಅನ್ನಬಹುದಿತ್ತು. ಅಮ್ಮ ಕರಿಬೇವು ಕೇಳಿದಳು ಅನ್ನಬಹುದಿತ್ತು. ಮುಷ್ಟಿ ಬಿಚ್ಚಿ ಚೀಟಿ ಅವನ ಕೈಗೆ ಕೊಟ್ಟೆ.

ಓದಿದ. ಸಿಟ್ಟು ಮಾಡಿಕೊಳ್ಳಲಿಲ್ಲ, ಮಡಚಿ ಜೇಬಿಗೆ ಇಟ್ಟುಕೊಂಡ. "ಅವಳ ತಲೆ ಯಾರೋ ಕೆಡಿಸ್ತಿದಾರಮ್ಮ. ಕೇಳಿದ್ರೆ ಫೋನ್ ಬಂದಿಲ್ಲ ಅನ್ನು. ಒಂದು ಮನೆ ಉಳಿಸಿದ ಹಾಗೆ ಆಗತ್ತೆ. ನೀನು ಜಾಣೆ."

ಅಪ್ಪನ ರೂಲು ಅಂತ ಹೇಳಿಕೊಂಡೆ. ಚಿಕ್ಕವಳು ಅಂತ ಹೇಳಿಕೊಂಡೆ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದೆ. ನಿಜ ಅದಲ್ಲ. ಅವನ ಬಾಯಲ್ಲಿ ಜಾಣೆ ಅನ್ನಿಸಿಕೊಳ್ಳುವುದು ನನಗೆ ಇಷ್ಟವಿತ್ತು. ಹೊಡೆಯುವವನು ಅಂತ ಗೊತ್ತಿದ್ದೂ ಇಷ್ಟವಿತ್ತು.

ಗುರುವಾರ ಅವನು ರಜೆ ಹಾಕಿ ದಿನಪೂರ್ತಿ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತ. ಮುಂದಿನ ವಾರ ರಿಪೇರಿ ಅಂತ ಹೇಳಿ ಹೊಲಿಗೆ ಮಿಷನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋದ. ಅದು ವಾಪಸ್ ಬರಲೇ ಇಲ್ಲ. ಯಾಕೆಂದು ವಿಮಲಕ್ಕನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆಮೇಲೆ ಅವಳು ಸೂಜಿ ದಾರದಲ್ಲಿ ಫಾಲ್ಸ್ ಮಾತ್ರ ಹಾಕುತ್ತಿದ್ದಳು. ದಿನಾ ಸಾಯಂಕಾಲ ನಮ್ಮ ಅಡುಗೆಮನೆ ಕಿಟಕಿಗೆ ಬಂದು ಮೆಲ್ಲಗೆ ಕೇಳುತ್ತಿದ್ದಳು.

"ಬಂತಾ?"

"ಇಲ್ಲ ಅಕ್ಕ."

ಎರಡನೇ ಫೋನ್ ಬಂತು. "ಕ್ಲಾಸಿಗೆ ಬರ್ಲಿಲ್ವಲ್ಲ, ಎಲ್ಲ ಸರಿ ಇದೆಯಾ? ಬರೋ ಗುರುವಾರ ಬರೋದಕ್ಕೆ ಹೇಳು." ಈ ಸಲ ಅವನು ಕೇಳಲಿಲ್ಲ. ನಾನೇ ಹೋಗಿ ಹೇಳಿದೆ. ಬರೆಯಲು ಕೈ ಬರದ ಸಾಲು ಇದು—ಅವನು ಕೇಳಿರಲಿಲ್ಲ.

ಆ ವಾರ ವಿಮಲಕ್ಕನ ತುಟಿ ಒಡೆದಿತ್ತು. ಅಮ್ಮ ನೋಡಿದಳು. "ಏನೇ ಇದು?" "ಬಚ್ಚಲಲ್ಲಿ ಜಾರ್ದೆ." ಅಮ್ಮ ಅರಿಶಿನ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿ "ನಾವು ತಲೆ ಹಾಕ್ಬಾರ್ದು" ಅಂದಳು. ನಾನು ಆಗಲೇ ತಲೆ ಹಾಕಿದ್ದೆ.

ಮೂರನೇ ಫೋನಿನಲ್ಲಿ ಆ ದನಿ ಕ್ಲಾಸಿನ ಮಾತೇ ಎತ್ತಲಿಲ್ಲ. "ಪುಟ್ಟಾ, ವಿಮಲನ್ನ ನೀನು ಇವತ್ತು ನೋಡಿದ್ಯಾ? ಹೇಗಿದಾಳೆ?"

ಹೆದರಿಕೆಯಾಯಿತು. ಬಾಯಿಗೆ ಬಂದದ್ದು ಹೇಳಿದೆ. "ಅವರು ಊರಿಗೆ ಹೋಗಿದಾರೆ. ಅವರಮ್ಮನ ಮನೆಗೆ."

"ಅಮ್ಮನ ಮನೆಗಾ?"

"ಹೂಂ."

"ಸರಿ ಪುಟ್ಟಾ." ಫೋನ್ ಇಟ್ಟರು.

ಮರುದಿನವೇ, ಹನ್ನೆರಡು ಗಂಟೆ ಬಿಸಿಲಲ್ಲಿ, ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ನನಗೆ ಪರೀಕ್ಷೆಗೆ ಓದುವ ರಜೆ. ಇಬ್ಬರು ಹೆಂಗಸರು ಇಳಿದರು, ಕೈಯಲ್ಲಿ ದೊಡ್ಡ ಬಟ್ಟೆ ಚೀಲ, ಮೇಲೆ ಹೊಸ ಸೀರೆಗಳು. "ಫಾಲ್ಸ್ ಹಾಕೋರ ಮನೆ ಯಾವ್ದಮ್ಮ?" ಫೋನಿನಲ್ಲಿ ಕೇಳಿದ ಅದೇ ದನಿ. ಬೆರಳಲ್ಲಿ ತೋರಿಸಿದೆ. ಅವರು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು, "ಊರಿಂದ ಬಂದ್ರಾ?" ನಾನು ನೆಲ ನೋಡಿದೆ.

ಅರ್ಧ ಗಂಟೆಗೆ ನಾಲ್ಕು ಜನ ಹೊರಬಂದರು. ಚೀಲದಲ್ಲಿ ಹೊಸ ಸೀರೆಗಳ ಕೆಳಗೆ ವಿಮಲಕ್ಕನ ಬಟ್ಟೆ, ಪುಟ್ಟಿಯ ಫ್ರಾಕು. ಅಮ್ಮ ಬಾಗಿಲಿಗೆ ಬಂದು ಏನು ಅಂದಳು. "ಸೀರೆ ಅಳತೆ ನೋಡೋದಕ್ಕೆ ಹೋಗಿ ಬರ್ತೀನಿ" ಅಂದಳು ವಿಮಲಕ್ಕ. ಫಾಲ್ಸಿಗೆ ಎಂಥ ಅಳತೆ? ಅಮ್ಮನಿಗೂ ಗೊತ್ತಾಗಿರಬೇಕು. ಅಮ್ಮ ಏನೂ ಕೇಳದೆ ಒಳಗೆ ಹೋದಳು. ಅವಳ ಪಾಲಿಗೆ ಅದೊಂದು ಒಳ್ಳೆಯ ಕೆಲಸ ಅಂತ ಬರೆದಿಡುತ್ತೇನೆ.

ಗೇಟಿನಲ್ಲಿ ವಿಮಲಕ್ಕ ನಿಂತಳು. "ಗಿರೀ, ಫೋನ್ ಬಂದಿದ್ರೆ ನೀನು ಹೇಳ್ತಿದ್ದೆ ಅಲ್ವಾ?"

"ಹೇಳ್ತಿದ್ದೆ ಅಕ್ಕ. ಬರ್ಲೇ ಇಲ್ಲ."

ಆಟೋದ ಪಕ್ಕ ನಿಂತಿದ್ದ ಆ ಫೋನಿನ ಹೆಂಗಸಿಗೆ ಇದು ಕೇಳಿಸಿತು. ಅವರು ನನ್ನನ್ನು ನೋಡಿ, ಪುಟ್ಟಿಯನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಜಗಳಕ್ಕೆ ಸಮಯವಿರಲಿಲ್ಲ.

ಸಾಯಂಕಾಲ ಅವನು ಬಂದು ಎಲ್ಲಿ ಹೋದಳು ಅಂತ ಕಿರುಚಾಡಿದ. ಗೊತ್ತಿಲ್ಲ ಅಂದೆ. ಅದು ನಿಜವಾಗಿತ್ತು. ಎರಡು ತಿಂಗಳಿಗೆ ಮನೆ ಖಾಲಿ ಮಾಡಿದ. ಲೆಕ್ಕದಲ್ಲಿ ನನಗೆ ಫಸ್ಟ್ ಕ್ಲಾಸೇ ಬಂತು. ಅಪ್ಪ ರಸ್ತೆಗೆಲ್ಲ ಪೇಡ ಹಂಚಿದರು. ನನಗೆ ಒಂದೂ ತಿನ್ನಲಾಗಲಿಲ್ಲ.

ಆಮೇಲೆ ಅವಳನ್ನು ಹುಡುಕಿದೆನಾ? ಇಲ್ಲ. ಬದುಕಿದ್ದಾಳಾ ಅಂತ ಕೇಳಿದೆನಾ? ಇಲ್ಲ. ಆ ತಮಾಷೆ ಪೋಸ್ಟಿನ ಕೆಳಗೆ ಒಬ್ಬಾಕೆ ಬರೆದಿದ್ದರು: "ಬನಶಂಕರಿಯಲ್ಲಿ ನೀಲಿ ಗೇಟಿನ ಮನೆನಾ? ನಾನು ಪುಟ್ಟಿ. ಅಮ್ಮ ನಿಮ್ಮನ್ನು ಈಗಲೂ ನೆನೆಸಿಕೊಳ್ಳುತ್ತಾರೆ." ನೆನೆಸಿಕೊಳ್ಳುತ್ತಾರೆ ಅನ್ನುವುದನ್ನು ಓದಿ ಮೂರು ದಿನ ಫೋನ್ ಮುಟ್ಟಲಿಲ್ಲ.

ವಿಮಲಕ್ಕ ಈಗ ಉತ್ತರಹಳ್ಳಿಯಲ್ಲಿ ಮಗಳ ಜೊತೆ ಇದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ, ದಪ್ಪ ಕನ್ನಡಕ. ಮನೆ ಮೇಲಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಾಳೆ, ಈ ಸಲ ನಿಜವಾದ ಹೊಲಿಗೆ ಕ್ಲಾಸು. ನಾನು ಹೋದಾಗ ಸೀರೆಯೊಂದಕ್ಕೆ ಫಾಲ್ಸ್ ಹಾಕುತ್ತಾ ಕೂತಿದ್ದಳು. "ಎಷ್ಟು ದಪ್ಪ ಆಗಿದೀಯೇ ಗಿರೀ! ಒಳಜೇಬು ಇದೆಯಾ ಇನ್ನೂ?" ನಕ್ಕಳು. ಪುಟ್ಟಿ ಕಾಫಿ ತಂದಿಟ್ಟಳು. ಕುಡಿದರೆ ಹೇಳುವುದಿಲ್ಲ ಅಂತ ಗೊತ್ತಿತ್ತು.

"ಅಕ್ಕ, ಫೋನ್ ಬಂದಿತ್ತು. ಮೂರು ಸಲ. ನಾನೇ ಅಂಕಲ್‌ಗೆ ಹೇಳಿದೆ. ನಿಂಗೆ ಸುಳ್ಳು ಹೇಳಿದೆ."

ಸೂಜಿ ಸೀರೆಯಲ್ಲೇ ನಿಂತಿತು. ಬೈಯಲಿ ಅಂತ ಕಾದೆ. ಎದ್ದು ಹೋಗು ಅನ್ನಲಿ ಅಂತ ಕಾದೆ.

"ಮೂರು ಸಲಾನಾ?"

"ಮೂರು ಸಲ. ಕೊನೇ ಸಲ ನೀನು ಅಮ್ಮನ ಮನೆಗೆ ಹೋಗಿದೀಯ ಅಂದೆ."

"ಪುಟ್ಟೀ!" ಅವಳು ಕೂಗಿದಳು, ದನಿ ಒಡೆದುಹೋಯಿತು. "ಕೇಳಿದ್ಯೇನೇ? ಅವರು ಫೋನ್ ಮಾಡಿದ್ರಂತೆ ಕಣೇ. ನಿಜವಾಗ್ಲೂ ಮಾಡಿದ್ರಂತೆ!"

ಆಮೇಲೆ ಹೇಳಿದಳು. ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಬ್ಯಾಂಡೇಜು ಹಾಕಿದ ಡಾಕ್ಟರಮ್ಮ ಒಂದು ವಿಳಾಸ ಕೊಟ್ಟಿದ್ದರಂತೆ. ಜಯನಗರದಲ್ಲಿ ಒಂದು ಮನೆಯ ಮುಂದಿನ ಕೋಣೆ, ಗುರುವಾರ ನಾಲ್ಕೈದು ಹೆಂಗಸರು, ಒಬ್ಬ ವಕೀಲೆ ಕೂರುತ್ತಿದ್ದರು. ಬೋರ್ಡೂ ಇರಲಿಲ್ಲ. ಒಂದು ಸಲ ಕದ್ದು ಹೋಗಿ ಎಲ್ಲ ಹೇಳಿ, ನಮ್ಮ ನಂಬರ್ ಕೊಟ್ಟು ಬಂದಿದ್ದಳಂತೆ. ಅವರಲ್ಲಿ ಆ ಗಟ್ಟಿ ದನಿಯ ಹೆಂಗಸು ಅವಳನ್ನೂ ಮಗುವನ್ನೂ ಏಳು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರಂತೆ, ಕೋರ್ಟಿಗೆ ಕರೆದುಕೊಂಡು ಹೋದರಂತೆ, ಮಿಷನ್ ಕೊಡಿಸಿದರಂತೆ.

"ಮೂರು ಸಲ ಫೋನ್ ಮಾಡ್ದೆ ವಿಮಲಾ ಅಂತ ಎಷ್ಟು ಸಲ ಹೇಳಿದ್ರು. ನಾನು ಒಪ್ಲಿಲ್ಲ. ನೀವು ಮರ್ತಿದ್ರಿ, ಒಪ್ಕೊಳಿ, ಆ ಹುಡುಗಿ ಸುಳ್ಳು ಹೇಳೋಳಲ್ಲ ಅಂತ ಅವರ ಹತ್ರನೇ ಜಗಳ ಆಡಿದೀನಿ. ನಕ್ಕು ಸುಮ್ನಾಗ್ತಿದ್ರು. ಈಗ ಅವರಿಲ್ಲ. ನನ್ನ ಬಿಟ್ಟುಬಿಟ್ಟಿದ್ರು ಅನ್ನೋ ಮುಳ್ಳು ಒಂದು ಒಳಗೆ ಇದ್ದೇ ಇತ್ತು ಗಿರೀ. ಬಿಟ್ಟಿರ್ಲಿಲ್ಲ. ಒಂದಿನಾನೂ ಬಿಟ್ಟಿರ್ಲಿಲ್ಲ."

ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನಂಗೆ ಅಮ್ಮ ಇಲ್ಲ ಅಂತ ಅವರಿಗೆ ಗೊತ್ತಿತ್ತು ಕಣೇ. ಸತ್ತೋರ ಮನೆಗೆ ಕಳ್ಸಿದ್ಯಲ್ಲೇ ನನ್ನ! ಅದಕ್ಕೇ ಓಡಿ ಬಂದಿದಾರೆ."

ನನ್ನ ಸುಳ್ಳಿನಿಂದಲೇ ಒಳ್ಳೆಯದಾಯಿತು ಅಂತ ಕಾಮೆಂಟಿನಲ್ಲಿ ಬರೆಯಬೇಡಿ. ದಯವಿಟ್ಟು. ಮೊದಲ ಫೋನಿಗೂ ಆ ಆಟೋಗೂ ನಡುವೆ ಐದು ವಾರ ಇತ್ತು. ಅದನ್ನೂ ಅವಳೇ ಹೇಳಿದಳು, ಕನ್ನಡಕ ಒರೆಸಿಕೊಂಡು. "ಆ ಐದು ವಾರ ಏನೇನಾಯ್ತು ಅಂತ ನಿಂಗೆ ಹೇಳಲ್ಲ. ಬರೀ ಹೊಡೆತ ಅಲ್ಲ. ಗಂಡ ತಾನೇ ಅನ್ನೋರು, ಅದಕ್ಕೆ ಆಗ ಹೆಸರೂ ಇರ್ಲಿಲ್ಲ. ಕ್ಷಮಿಸ್ದೆ ಅಂತ ಬಾಯಿ ಮಾತಿಗೆ ಹೇಳಲಾರೆ. ಆದ್ರೆ ಬಂದು ಹೇಳಿದ್ಯಲ್ಲ." ಲೋಟ ನನ್ನ ಕಡೆ ತಳ್ಳಿದಳು. "ಕುಡಿ, ಆರಿಹೋಗತ್ತೆ."

ಆರಿಹೋಗಿತ್ತು. ಪೂರ್ತಿ ಕುಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವಾಗ ಎದೆ ಹಗುರವಾಗಿತ್ತು. ಇಷ್ಟು ಹಗುರವಾಗಲು ನನಗೆ ಹಕ್ಕಿದೆಯಾ ಅಂತ ನಾಚಿಕೆಯೂ ಆಗುತ್ತಿತ್ತು. ಆದರೂ ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಗುರುವಾರ ನಾನೂ ಅಂಥದ್ದೇ ಒಂದು ಕೋಣೆಯಲ್ಲಿ ಫೋನ್ ಎತ್ತಲು ಕೂರುತ್ತೇನೆ. ಅಲ್ಲಿ ಇರುವುದೂ ಒಂದೇ ರೂಲು. ಯಾರಿಗೆ ಹೇಳಬೇಕೋ ಅವಳಿಗೇ ಹೇಳಬೇಕು. ಗಂಡನಿಗಲ್ಲ, ಅತ್ತೆಗಲ್ಲ, ಅಮ್ಮನಿಗೂ ಅಲ್ಲ. ಅಪ್ಪನ ರೂಲನ್ನು ಮರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಈಗ ನಿಮ್ಮ ಸರದಿ. ನಿಮ್ಮ ಗೋಡೆಯ ಆ ಕಡೆಯಿಂದ ಸದ್ದು ಕೇಳಿದಾಗ ನೀವೇನು ಮಾಡಿದಿರಿ? ಅಥವಾ ಗೋಡೆಯ ಆ ಕಡೆ ಇದ್ದವರು ನೀವೇನಾ? ಯಾರು ಬಂದರು, ಯಾರು ಬರಲಿಲ್ಲ? ಬರೆಯಿರಿ, ಹೆಸರು ಬೇಡ. ನಿಮ್ಮ ಫೋನನ್ನು ಮನೆಯಲ್ಲಿ ಬೇರೆಯವರು ನೋಡುವುದಾದರೆ ಇಲ್ಲಿ ಬರೆಯಲೇಬೇಡಿ, ಸಿಕ್ಕಾಗ ಬಾಯಲ್ಲಿ ಹೇಳಿ. ನಾನು ಕೇಳಿಸಿಕೊಳ್ಳುತ್ತೇನೆ. ನೀವು ಕೊಟ್ಟ ಚೀಟಿ ಈ ಸಲ ಒಳಜೇಬಿನಲ್ಲೇ ಇರುತ್ತದೆ.