ಹೊನ್ನಾರಿಗೆ ಬಂದ ಸೀಮೆ ಎತ್ತುಗಳು

ಈ ಯುಗಾದಿಯ ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲೆಂದು ಹರಳೆಣ್ಣೆ ಬಿಸಿಗಿಟ್ಟಿದ್ದೆ. ಹುಣಸೂರಿನ ನನ್ನ ಬಾಡಿಗೆ ಕೋಣೆಗೆ ಕಿಟಕಿ ಒಂದೇ. ಎಣ್ಣೆ ಕಾಯುತ್ತಿದ್ದಂತೆ ಅದರ ಮಂದವಾದ ಕಮಟು ವಾಸನೆ ಕೋಣೆಯನ್ನೆಲ್ಲ ತುಂಬಿತು. ಹಬ್ಬದ ದಿನ ಈ ವಾಸನೆ ಬಂದರೆ ಬೇರೆಯವರಿಗೆ ಅಮ್ಮನ ಕೈಯೋ ಬಚ್ಚಲಿನ ಹೊಗೆಯೋ ನೆನಪಾಗಬಹುದು. ನನಗೆ ಎತ್ತಿನ ಕತ್ತು ನೆನಪಾಗುತ್ತದೆ...

ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಗೋಡೆಯಾಚೆಯವಳನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ, ಅವಳ ಗಂಡನನ್ನು ದೊಡ್ಡಯ್ಯ. ರಕ್ತಸಂಬಂಧವೇನೂ ಇರಲಿಲ್ಲ. ಹಬ್ಬದ ದಿನ ಅವಳು ಬಿಸಿ ಹರಳೆಣ್ಣೆಗೆ ಅರಿಶಿನ ಬೆರೆಸಿ, ಮೊದಲು ಕೊಟ್ಟಿಗೆಗೆ ಹೋಗಿ ದನಗಳ ಕತ್ತಿಗೆ ಉಜ್ಜುತ್ತಿದ್ದಳು. ಬಟ್ಟಲಿನಲ್ಲಿ ಉಳಿದದ್ದು ನನ್ನ ನೆತ್ತಿಗೆ.

"ಅವು ದುಡಿಯೋವು, ನೀನು ತಿನ್ನೋಳು. ಅದ್ಕೇ ನಿಂಗೆ ಆಮ್ಯಾಕೆ," ಎಂದು ತಲೆ ತಟ್ಟುತ್ತಿದ್ದಳು.

ಅವಳ ಕೊಟ್ಟಿಗೆಯಲ್ಲಿ ಕಪ್ಪು ಬಿಳುಪಿನ ಎರಡು ಸೀಮೆ ಹಸುಗಳಿದ್ದವು. ಡೇರಿಯ ಸಾಲಿನಲ್ಲಿ ಅವಳ ಕ್ಯಾನು ಯಾವಾಗಲೂ ತುಂಬಿರುತ್ತಿತ್ತು. ಆದರೆ ಸೀಮೆ ಹಸು ಗಂಡುಕರು ಹಾಕಿದರೆ ನಮ್ಮ ಬೀದಿಯಲ್ಲಿ ಯಾರೂ ಉಳಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆ ಹಿಣಿಲು ಬರುವುದಿಲ್ಲ. ಹೆಗಲ ಮೇಲಿನ ಆ ಉಬ್ಬು ಇಲ್ಲದಿದ್ದರೆ ನೊಗ ನಿಲ್ಲದೆ ಹಿಂದಕ್ಕೆ ಜಾರುತ್ತದೆ. ಉಳುಮೆಗೆ ಬಾರದ ಕರುವಿಗೆ ಹಾಲು ಯಾಕೆ ದಂಡ ಎಂದು, ಗಿಣ್ಣದ ಹಾಲು ಮುಗಿಯುತ್ತಲೇ ಕರು ಕೊಳ್ಳುವ ಗಾಡಿಯವನಿಗೆ ಫೋನು ಹೋಗುತ್ತಿತ್ತು. ದೊಡ್ಡವ್ವನೂ ಒಂದು ಸಲ ಹಾಗೆ ಕೊಟ್ಟಿದ್ದಳು. ಅವತ್ತು ಸಂಜೆ ಹಸು ಗಾಡಿ ಹೋದ ದಾರಿಗೇ ಮುಖ ಮಾಡಿ ನಿಂತು ಹಾಲು ಇಳಿಸಲಿಲ್ಲ. ದೊಡ್ಡವ್ವ ಕ್ಯಾನನ್ನು ಬೋರಲು ಹಾಕಿ ಒಳಗೆ ಹೋದಳು.

ಹಸುಗಳು ಮತ್ತೆ ಬೆದೆಗೆ ಬಂದಾಗ, ಗಬ್ಬದ ಇಂಜೆಕ್ಷನ್ ಹಾಕಲು ಬೈಕಿನಲ್ಲಿ ಬರುತ್ತಿದ್ದ ಹಸುವಿನ ಡಾಕ್ಟರನ್ನು ಬಾಗಿಲಲ್ಲೇ ತಡೆದಳು.

"ಈ ಸಲ ಸೀಮೇದು ಬ್ಯಾಡ ಕಣಪ್ಪ. ಹೆಣ್ಣಾದ್ರೆ ಹಾಲು ಕೊಡ್ಬೇಕು, ಗಂಡಾದ್ರೆ ನೊಗ ಹೊರ್ಬೇಕು. ಅಂಥದ್ದು ಇಲ್ವಾ?"

ಅವರು ನಕ್ಕರು. "ಬೀದರ್ ಕಡೆ ದೇವಣಿ ಅಂತ ಒಂದು ತಳಿ ಅದೆ ಕಣಮ್ಮ, ಎರಡಕ್ಕೂ ಆಯ್ತದೆ. ತರಿಸ್ಬೋದು. ಆದ್ರೆ ಹುಟ್ಟೋ ಹೆಣ್ಣು ನಿಮ್ಮ ಸೀಮೆ ಹಸುವಷ್ಟು ಕರೆಯಲ್ಲ. ಆಮೇಲೆ ನನ್ನ ಬಯ್ಯಬೇಡಿ."

"ಕಮ್ಮಿ ಕರೆದ್ರೆ ಕರೀಲಿ ಬುಡು. ಹುಟ್ಟಿದ್ದನ್ನ ಮನೇಲಿ ಇಟ್ಕೋಬೋದಲ್ಲ."

ಎರಡು ಹಸುಗಳೂ ಗಂಡುಕರುವನ್ನೇ ಹಾಕಿದವು. ದೊಡ್ಡಯ್ಯ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹಣೆ ಚಚ್ಚಿಕೊಂಡ. "ತಗೋ, ಎರಡಕ್ಕೆರಡೂ ಗಂಡು! ಇನ್ನು ನನ್ ಕಾಫಿಗೂ ಇಲ್ದಂಗೆ ಇವಕ್ಕೇ ಕುಡುಸು."

ಸುದ್ದಿ ಕೇಳಿ ಗಾಡಿಯವನು ಕರೆಯದೆಯೇ ಬಂದ. ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಳು. "ಈ ಮನೇಲಿ ಮಾರೋಕಿರೋನು ಈ ಯಜಮಾನ ಒಬ್ನೇ. ಬೇಕಾದ್ರೆ ಹತ್ತಿಸ್ಕೊಂಡು ಹೋಗು," ಎಂದಳು. ದೊಡ್ಡಯ್ಯನೂ ನಕ್ಕುಬಿಟ್ಟ.

ಅಲ್ಲಿಂದ ಶುರುವಾದದ್ದು ಹಿಣಿಲಿಗಾಗಿ ಕಾಯುವ ಕೆಲಸ. ನಾನು ಆಗ ಆರನೇ ಕ್ಲಾಸಿಗೆ ಹೋಗುತ್ತಿದ್ದೆ. ಸಂಜೆ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು. "ನನ್ ಕೈ ಮರಗಟ್ಟೋಗದೆ ಮಗ, ಗೊತ್ತಾಗಕಿಲ್ಲ. ನಿನ್ ಕೈ ಮೆತ್ತಗದೆ. ಮುಟ್ನೋಡು, ಬಂದದಾ?"

ಕರುವಿನ ಹೆಗಲ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದೆ. ಸೀಮೆ ಕರುವಿನ ಬೆನ್ನಿನ ಹಾಗೆ ಬರೀ ಸಪಾಟು. ಎಷ್ಟೋ ದಿನ "ಇಲ್ಲ ದೊಡ್ಡವ್ವ" ಎಂದೇ ಹೇಳಬೇಕಾಯಿತು. ಅವಳ ಮುಖ ನೋಡಿದರೆ ಸುಳ್ಳು ಹೇಳೋಣ ಅನ್ನಿಸುತ್ತಿತ್ತು. ಅವಳು ಕೇಳುತ್ತಿದ್ದುದು ನಿಜವನ್ನು, ಹಾಗಾಗಿ ಹೇಳಲಿಲ್ಲ. ಒಂದು ಸಂಜೆ ಮಾತ್ರ ಕೈಯ ಕೆಳಗೆ ಎಲುಬಲ್ಲದ, ಗಟ್ಟಿಯಾದ ಒಂದು ಸಣ್ಣ ಏರು ಸಿಕ್ಕಿತು. ಇನ್ನೊಂದು ಕರುವಿಗೂ ಇತ್ತು.

"ಬತ್ತಾ ಅದೆ," ಎಂದೆ.

ಆಮೇಲೆ ಜೀವಶಾಸ್ತ್ರ ಓದಿದೆ, ಪ್ರಯೋಗಾಲಯದಲ್ಲಿ ಎಷ್ಟೋ ವರದಿ ಬರೆದೆ. ಆ ಎರಡು ಮಾತಿನಷ್ಟು ಖಚಿತವಾಗಿ ಏನನ್ನೂ ಬರೆದಿಲ್ಲ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಎಂ.ಎಸ್ಸಿ. ಸೇರುವಾಗ ಕೇಳಿದ್ದರು. ಆಸಕ್ತಿಯಿದೆ ಎಂದಷ್ಟೇ ಹೇಳಿದೆ.

ಹಿಣಿಲು ಬಂದರೂ ನಾಟಿ ಎತ್ತಿನದಷ್ಟು ಎತ್ತರವಾಗಲಿಲ್ಲ. ಕರುಗಳು ಎತ್ತಾಗಿ ನೊಗಕ್ಕೆ ಬಂದಾಗ, ದೊಡ್ಡವ್ವ ಹಳೆಯ ಕಂಬಳಿ ಹರಿದು, ಮಡಿಚಿ ಹೊಲಿದು, ನೊಗದ ಕೆಳಗೆ ಮೆತ್ತೆ ಇಟ್ಟಳು. ಹೊಗೆಸೊಪ್ಪು ಮೊಣಕಾಲೆತ್ತರ ಬೆಳೆದ ಮೇಲೆ ಸಾಲಿನ ನಡುವೆ ಟ್ರ್ಯಾಕ್ಟರ್ ಇಳಿಯುವಂತಿಲ್ಲ. ಬಾಡಿಗೆ ಎತ್ತಿಗಾಗಿ ಊರೆಲ್ಲ ಬೇರೆಯವರ ಬಾಗಿಲು ಕಾಯುತ್ತಿದ್ದಾಗ, ಅವಳ ಹೊಲದಲ್ಲಿ ಅವಳು ಮುಂದೆ ನಡೆದರೆ ಅವಳದೇ ಜೋಡಿ ಕುಂಟೆ ಎಳೆಯುತ್ತಿತ್ತು. "ಏನವ್ವೋ, ಎತ್ತಿಗೂ ಸ್ವೆಟರ್ ಹಾಕ್ಸಿದ್ದೀಯಾ?" ಎಂದು ದಾರಿಯವರು ರೇಗಿಸುತ್ತಿದ್ದರು. "ನಾಳೆ ನಿಮ್ ಹೊಲಕ್ಕೆ ಕರೀತೀರಲ್ಲ, ಆಗ ಬಿಚ್ತೀನಿ ಬನ್ನಿ," ಎನ್ನುತ್ತಿದ್ದಳು.

ಆದರೆ ಅವಳ ಆಸೆ ಹೊನ್ನಾರಿನ ಮೇಲಿತ್ತು. ಯುಗಾದಿಯ ದಿನ ಊರೆಲ್ಲ ಸೇರಿ ದೇವರ ಹೊಲದಲ್ಲಿ ವರ್ಷದ ಮೊದಲ ಸಾಲು ಉಳುವುದು ನಮ್ಮಲ್ಲಿ ಹೊನ್ನಾರು. ಅದಕ್ಕೆ ನಾಟಿ ಎತ್ತೇ ಆಗಬೇಕು, ಹಿಡಿದ ಸಾಲು ಕೊನೆಯವರೆಗೆ ಎಲ್ಲೂ ನಿಲ್ಲಬಾರದು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಲೇ ಅವಳು ಕೇಳಿದ್ದಳು. ಸೀಮೆ ರಕ್ತದ ಎತ್ತು ಆಗುವುದಿಲ್ಲ ಎಂದು ಊರ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು. ಅಷ್ಟರಲ್ಲಿ ಊರಿನ ಕೊನೆಯ ನಾಟಿ ಜೋಡಿಯೂ ಮಾರಾಟವಾಗಿತ್ತು. ಟ್ರ್ಯಾಕ್ಟರಿಗೆ ಮಾವಿನ ಸೊಪ್ಪು ಕಟ್ಟಿ, ಕುಂಕುಮ ಇಟ್ಟು, ಅದರಲ್ಲೇ ಹೊನ್ನಾರು ಹೊಡೆಸಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು.

ಮರುವರ್ಷ ಯಜಮಾನರೇ ಅವಳ ಬಾಗಿಲಿಗೆ ಬಂದರು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು, ಆದರೂ ಪುಸ್ತಕ ಮುಚ್ಚಿ ಹೊಲಕ್ಕೆ ಹೋದೆ. ನೊಗ ಏರಿಸುವಾಗ ಯಜಮಾನರು ಮೆತ್ತೆ ನೋಡಿದರು.

"ಕಂಬಳಿ ಹೊದ್ದಿರೋ ಎತ್ತಲ್ಲಿ ಹೊನ್ನಾರು ಕಟ್ಟೋದಾ? ಎಲ್ಲಾದ್ರೂ ಉಂಟಾ ಇದು?"

"ಹೋದ್ ವರ್ಷ ಡೀಸಲ್ ಹಾಕಿ ಕಟ್ಟಿದ್ರಲ್ಲ ಯಜಮಾನ್ರೇ," ಎಂದಳು ದೊಡ್ಡವ್ವ. ಜನ ಗೊಳ್ಳೆಂದರು. ಯಜಮಾನರು ಮೀಸೆಯಲ್ಲೇ ನಕ್ಕರು.

ದೊಡ್ಡಯ್ಯ ನೇಗಿಲು ಹಿಡಿದು ಎತ್ತುಗಳ ಬೆನ್ನು ಚಪ್ಪರಿಸಿದ. ಅವು ಕದಲಲಿಲ್ಲ. ಇನ್ನೊಮ್ಮೆ ಹೂಂಕರಿಸಿದ. ಎರಡೂ ಕತ್ತು ಹೊರಳಿಸಿ ಬದುವಿನ ಮೇಲೆ ಹೆಂಗಸರ ನಡುವೆ ನಿಂತಿದ್ದ ದೊಡ್ಡವ್ವನನ್ನೇ ನೋಡಿದವು. ಮೇವು, ನೀರು, ಎಣ್ಣೆ ಎಲ್ಲ ಅವಳ ಕೈಯಿಂದಲೇ ಕಂಡವು. ಹೊನ್ನಾರಿನ ಹೊಲಕ್ಕೆ ಹೆಂಗಸರು ಇಳಿಯುವ ಪದ್ಧತಿ ಇರಲಿಲ್ಲ. ಅವಳು ಯಜಮಾನರ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು, ಹೊಲಕ್ಕಿಳಿದು ಎತ್ತುಗಳ ಮುಂದೆ ನಡೆದಳು. ಎತ್ತುಗಳು ಹಿಂದೆಯೇ ಹೊರಟವು.

ಅರ್ಧ ಸಾಲಿನಲ್ಲಿ ಮೆತ್ತೆ ಜಾರಿ ಬಿತ್ತು. ನೊಗ ಒಂದಿಷ್ಟು ಹಿಂದಕ್ಕೆ ಸರಿಯಿತು, ಸರಿದು... ಹಿಣಿಲಿಗೆ ಒರಗಿ ನಿಂತಿತು. ದೊಡ್ಡಯ್ಯ ಮೆತ್ತೆಯನ್ನು ದಾಟಿಕೊಂಡೇ ಹೋದ. ಸಾಲು ಎಲ್ಲೂ ನಿಲ್ಲದೆ ಬದು ಮುಟ್ಟಿತು. ದೊಡ್ಡವ್ವ ಹಿಂದಕ್ಕೆ ನಡೆದು ಬಂದು, ಮಣ್ಣಾದ ಕಂಬಳಿ ತುಂಡನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ಜರಿಯ ಶಾಲು ಹೊದಿಸಿಕೊಂಡವರೂ ಅಷ್ಟು ನೆಟ್ಟಗೆ ನಡೆದದ್ದನ್ನು ನಾನು ಕಂಡಿಲ್ಲ. ನನ್ನೆದುರು ಬಂದಾಗ ತಗ್ಗಿದ ದನಿಯಲ್ಲಿ, "ನೀನು ಸರಿಯಾಗೇ ಹೇಳಿದ್ದೆ ಮಗ," ಎಂದಳು.

ಆ ಕೊಟ್ಟಿಗೆಯಲ್ಲಿ ಮುಂದೆ ಹುಟ್ಟಿದ ಹೆಣ್ಣುಕರುಗಳು ಡಾಕ್ಟರು ಹೇಳಿದಂತೆ ಹಾಲು ಸ್ವಲ್ಪ ಕಡಿಮೆಯೇ ಕೊಟ್ಟವು. ಹಾಗೆಂದು ಅವಳು ಒಂದನ್ನೂ ಬೈದದ್ದು ಕೇಳಿಲ್ಲ. ಬೀದಿಯವರೂ ಡಾಕ್ಟರ ಹತ್ತಿರ ದೇವಣಿಯನ್ನೇ ಕೇಳತೊಡಗಿದರು. ಗಾಡಿಯವನು ನಮ್ಮ ಬೀದಿಗೆ ಬರುವುದು ಕ್ರಮೇಣ ಕಡಿಮೆಯಾಯಿತು.

ದೊಡ್ಡವ್ವ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಅವಳಿಲ್ಲದ ಮೊದಲ ಯುಗಾದಿ ಇದು. ಕಾಯಿಸಿದ ಎಣ್ಣೆಯನ್ನು ತಲೆಗೆ ಹಚ್ಚದೆ, ಆರಿಸಿ, ಸಣ್ಣ ಬಾಟಲಿಗೆ ತುಂಬಿಕೊಂಡು ಊರಿನ ಬಸ್ಸು ಹತ್ತಿದೆ. ಹೊನ್ನಾರಿಗೆ ಬೇರೆ ಬೇರೆ ಮನೆಗಳ ಜೋಡಿಗಳು ಬಂದಿದ್ದವು, ಎಲ್ಲವೂ ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯವೇ. ಯಾವುದರ ರಕ್ತ ಏನೆಂದು ಯಾರೂ ಕೇಳಲಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಅವಳ ಹಸುವಿನ ವಂಶದ ಒಂದು ಗಂಡುಕರು ಇದೆ. ಅಂಗೈಗೆ ಎಣ್ಣೆ ಸುರಿದುಕೊಂಡು ಅದರ ಹೆಗಲಿಗೆ ಉಜ್ಜುತ್ತಿದ್ದೆ. ಗೋಡೆಯಾಚೆ ಕೆಮ್ಮು ಕೇಳಿಸಿತು. ಅಂದು ಹಣೆ ಚಚ್ಚಿಕೊಂಡಿದ್ದ ದೊಡ್ಡಯ್ಯ ಗೋಡೆಗೆ ಕೈಯೂರಿ ನಿಂತಿದ್ದ.

"ಬಂದದೇನವ್ವ?" ಎಂದ.

ಕಣ್ಣು ಮುಚ್ಚಿ, ಮತ್ತೊಮ್ಮೆ ಅಂಗೈ ಊರಿ ನೋಡಿದೆ.

"ಬತ್ತಾ ಅದೆ ದೊಡ್ಡಯ್ಯ."

ಅವನು ತಲೆಯಾಡಿಸಿ ಒಳಗೆ ಹೋದ. ಬಾಟಲಿಯಲ್ಲಿ ಇನ್ನೂ ಒಂದಿಷ್ಟು ಎಣ್ಣೆ ಉಳಿದಿತ್ತು. ಅದನ್ನು ನಾನೇ ನನ್ನ ನೆತ್ತಿಗೆ ತಟ್ಟಿಕೊಂಡೆ.